ಇಪ್ಪತ್ತೊಂದು ದಿನದ ನೀರು

ಮಡಿವಾಳೆಪ್ಪನ ಸಿಟ್ಟಿನ ಬಗ್ಗೆ ಬರೆಯುವ ಮೊದಲು ನನ್ನ ಯೋಗ್ಯತೆ ಎಷ್ಟು ಅನ್ನುವುದನ್ನು ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಹೆಸರು ಗೌರೀಶ, ಊರು ಚಚಡಿ, ಓದು ಬಿ.ಕಾಂ., ಅದೂ ಎರಡನೇ ಸಲಕ್ಕೆ. ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ ತೂಕದ ಕಾಟಾ ನೋಡುವ ನೌಕರಿ. ಇಡೀ ದಿನ ಬಿಸಿಲಲ್ಲಿ ನಿಂತು ಚಕ್ಕಡಿ, ಟ್ರ್ಯಾಕ್ಟರುಗಳ ತೂಕ ಕೂಗಿ, ಸಂಜೆ ಹುಬ್ಬಿಗೂ ಮೀಸೆಗೂ ಹತ್ತಿಯ ಎಳೆ ಮೆತ್ತಿಸಿಕೊಂಡು ಎಪ್ಪತ್ತರ ಮುದುಕನ ಹಾಗೆ ಹೊರಗೆ ಬರುತ್ತಿದ್ದೆ. ಜೀವನದಲ್ಲಿ ನನಗಿದ್ದ ಗುರಿ ಒಂದೇ. ಒಳಗೆ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಒಂದು ಖುರ್ಚಿ ಇತ್ತು. ಅದರಲ್ಲಿ ಕೂಡಬೇಕು. ಇಷ್ಟು ಸಣ್ಣ ಗುರಿ ಇಟ್ಟುಕೊಂಡವನು ಎಷ್ಟು ದೊಡ್ಡ ನೀಚತನ ಮಾಡಬಲ್ಲ ಅಂತ ನನಗೂ ಗೊತ್ತಿರಲಿಲ್ಲ.

ಮಡಿವಾಳೆಪ್ಪ ಫೋಟೋಗಳಿಗೆ ಕಟ್ಟು ಹಾಕುವವನು. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ತಿರುಗುವ ಮೂಲೆಯಲ್ಲಿ ಅವನ ಅಂಗಡಿ, ಅದರ ಹಿಂದೆಯೇ ಮನೆ. ದೇವರು, ಹೊಸ ದಂಪತಿ, ತೀರಿಕೊಂಡ ಹಿರಿಯರು, ಈ ಮೂರು ತರಹದವರು ಅವನ ಗಾಜಿನ ಹಿಂದೆ ಹೋಗುತ್ತಿದ್ದರು. ಹುಟ್ಟಿದ್ದು ಸಂಪಗಾಂವದಲ್ಲಿ, ಒಕ್ಕಲುತನದ ಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಬೆಳಗಾವಿಗೆ ಹೋಗಿ ಗಾಜು ಕೊಯ್ಯುವುದನ್ನು ಕಲಿತು ಬಂದ. ಎಡಗೈಯ ಹೆಬ್ಬೆರಳಿನಲ್ಲಿ ಹಳೆಯ ಗಾಯದ ಗೆರೆಗಳು ಎಷ್ಟಿದ್ದವೆಂದರೆ ಅದೊಂದು ಬೇರೆಯದೇ ಊರಿನ ನಕ್ಷೆಯ ಹಾಗೆ ಕಾಣುತ್ತಿತ್ತು.

ಮೀನಿನ ಹುಚ್ಚು ಹಿಡಿದದ್ದು ತೊಂಬತ್ಮೂರರಲ್ಲಿ. ಹೆಂಡತಿ ನಾಗರತ್ನಾಳನ್ನು ಬೆಳಗಾವಿಯ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದ. ಪಾಳಿ ಹಚ್ಚಿ ಕುಂತಲ್ಲಿ ಎದುರಿಗೆ ಒಂದು ಗಾಜಿನ ತೊಟ್ಟಿ, ಅದರಲ್ಲಿ ಮೀನು. ನಾಗರತ್ನಾ ಒಳಗೆ ಹೋಗಿ, ಸೂಜಿ ಮಾಡಿಸಿಕೊಂಡು, ಗುಳಿಗೆ ಬರೆಸಿಕೊಂಡು ಹೊರಗೆ ಬಂದರೂ ಇವನು ಕುಂತಲ್ಲಿಂದ ಏಳಲಿಲ್ಲವಂತೆ. ನಾಗರತ್ನಾಳನ್ನು ನಾನು ಕಾಕು ಅನ್ನುತ್ತಿದ್ದೆ, ಇದನ್ನು ಹೇಳುವಾಗ ಅವಳು ಪ್ರತಿ ಸಲ ಒಂದೇ ಮಾತು ಸೇರಿಸುತ್ತಿದ್ದಳು: "ಜಡ್ಡು ನನಗಿತ್ತು, ಹತ್ತಿದ್ದು ಇವರಿಗೆ."

ಮೊದಲ ತೊಟ್ಟಿಯನ್ನು ಕಿಟಕಿಗೆ ಗಾಜು ಕೂಡಿಸುವ ಪುಟ್ಟಿಯಿಂದಲೇ ಮಾಡಿದ. ಬೆಳಗಾಗುವುದರೊಳಗೆ ನೀರು ಪಡಸಾಲೆಯಲ್ಲಿತ್ತು, ಮೀನು ಹಾಸಿಗೆಯಲ್ಲಿದ್ದವು. ಆಮೇಲೆ ಸಿಲಿಕಾನ್ ಅಂಟು ತಂದ. ತೊಟ್ಟಿ ನಿಂತಿತು, ಮೀನು ನಿಲ್ಲಲಿಲ್ಲ. ಒಂದು ವರ್ಷದಲ್ಲಿ ನಲವತ್ತು ಮೀನು ಸತ್ತವು. ಸತ್ತ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ. ಎಲ್ಲರೂ ಮಾಡುವುದನ್ನೇ ಅವನೂ ಮಾಡುತ್ತಿದ್ದ. ನಮ್ಮ ಊರುಗಳಲ್ಲಿ ನಳ ಎಂಟು ದಿನಕ್ಕೊಮ್ಮೆ ಬರುತ್ತದೆ. ಬಂದ ದಿನ ಮನೆಯ ಕೊಡ, ಹಂಡೆ, ಬ್ಯಾರಲ್ಲುಗಳಲ್ಲಿ ಉಳಿದ ಹಳೇ ನೀರನ್ನೆಲ್ಲ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬುವುದು ರೂಢಿ. ಹಳೇ ನೀರಿನ ಮೇಲೆ ಹೊಸ ನೀರು ಹಾಕಿದರೆ ಹೊಲಸು ಹೆಂಗಸು ಅಂತ ಹೆಸರು ಬರುತ್ತದೆ. ಹಾಗಾಗಿ ಮೀನಿನ ತೊಟ್ಟಿಯನ್ನೂ ಎಂಟು ದಿನಕ್ಕೊಮ್ಮೆ ಚೆಲ್ಲಿ, ತಳದ ಹರಳುಗಳನ್ನು ಬೂದಿ ಹಚ್ಚಿ ತಿಕ್ಕಿ, ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪಂತ ಹೊಡೆಯುವ ಹೊಸ ನೀರು ತುಂಬಿ, ಮೀನನ್ನು ಅದರೊಳಗೆ ಬಿಡುವುದು. ಮರುದಿನ ಅವು ಮೇಲೆ ತೇಲುವುದು.

ಒಮ್ಮೆ ರಾಮದುರ್ಗದಲ್ಲಿ ನಾಗರತ್ನಾಳ ತಂಗಿಯ ಮದುವೆ ಬಂತು. ಮೂರು ವಾರ ಗಂಡ ಹೆಂಡತಿ ಇಬ್ಬರೂ ಅಲ್ಲೇ. ತೊಟ್ಟಿಯಲ್ಲಿ ಮೀನು ಇರಲಿಲ್ಲ, ನೀರು ಚೆಲ್ಲುವುದಕ್ಕೆ ಮರೆತಿದ್ದರು, ಮೀನಿಗೆ ಹಾಕಿ ಉಳಿದ ಕಾಳು ತಳದಲ್ಲಿ ಕೊಳೆಯುತ್ತಿತ್ತು. ಬಂದ ಮೇಲೆ ಅದೇ ನೀರಿಗೆ ಬೇಜಾರಿನಿಂದ ನಾಲ್ಕು ಮೀನು ಬಿಟ್ಟ. ಒಂದೂ ಸಾಯಲಿಲ್ಲ. ಅವತ್ತಿನಿಂದ ಮಡಿವಾಳೆಪ್ಪನ ಕಾಯಿದೆ ಹುಟ್ಟಿತು, ಕಾಯಿದೆಯ ಜೊತೆ ಸಿಟ್ಟೂ ಹುಟ್ಟಿತು.

ಕಾಯಿದೆ ಹೀಗಿತ್ತು. ತೊಟ್ಟಿ ಬೇಕೆಂದವರಿಗೆ ಮಾಡಿಕೊಡುತ್ತಾನೆ. ಜೊತೆಗೆ ತನ್ನ ತೊಟ್ಟಿಯಿಂದ ಒಂದು ಹಿಡಿ ಹರಳು ಕೊಡುತ್ತಾನೆ. ನೀರು ತುಂಬಿ, ಗಾಳಿ ಪಂಪು ಹಚ್ಚಿ, ಮೀನಿಲ್ಲದ ನೀರಿಗೆ ಇಪ್ಪತ್ತೊಂದು ದಿನ ಒಂದು ಚಿಟಿಕೆ ಕಾಳು ಹಾಕಬೇಕು. ಇಪ್ಪತ್ತೆರಡನೆಯ ದಿನ ಆ ನೀರನ್ನು ಬಾಟಲಿಯಲ್ಲಿ ತಂದು ತೋರಿಸಬೇಕು. ಅವನು ಬೆಳಕಿಗೆ ಹಿಡಿದು, ಮೂಸಿ ನೋಡಿ, ಒಪ್ಪಿದರೆ ಮಾತ್ರ ಮೀನು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟಬೇಕು, ಅವು ಹೊಲಸು ತಿಂದರೆ ನೀರು ಹಸನಾಗಿರುತ್ತದೆ, ನೀವು ತಿಕ್ಕಿ ತೊಳೆದು ಆ ಜೀವಗಳನ್ನೇ ಕೊಲ್ಲುತ್ತೀರಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ಇಲ್ಲದ ಮೀನಿಗೆ ಊಟ ಹಾಕುವವನು ಅಂತ ಪೇಟೆಯಲ್ಲಿ ಹೆಸರಾಯಿತು. ನಕ್ಕವರು ಬೆಳಗಾವಿಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದು, ನಾಲ್ಕು ದಿನಕ್ಕೆ ಕೊಂದು, ನಿನ್ನ ಟ್ಯಾಂಕೇ ಸರಿ ಇಲ್ಲ ಅಂತ ಜಗಳಕ್ಕೆ ಬರುತ್ತಿದ್ದರು.

ಅವರಿಗಿಂತ ಅವನಿಗೆ ಹೆಚ್ಚು ಸಿಟ್ಟು ಬರುತ್ತಿದ್ದುದು ಸಮಾಧಾನ ಮಾಡಿಕೊಳ್ಳುವವರ ಮೇಲೆ. ಮೀನು ಸತ್ತರೆ ಮನೆಯ ಪೀಡೆ ತೆಗೆದುಕೊಂಡು ಹೋಯಿತು, ಒಳ್ಳೇದೇ ಆಯಿತು ಅನ್ನುವವರು. "ಪೀಡಾ ಅಲ್ರಿ, ಬ್ಲೀಚಿಂಗ್ ಪೌಡರ್," ಅಂತ ಇವನು ಮಾರಿಗೆ ಹೊಡೆದ ಹಾಗೆ ಹೇಳುತ್ತಿದ್ದ. "ನಿಮ್ಮ ಪೀಡಾ ನೀವ ಇಟಗೋರಿ. ಅದಕ್ಕ ಯಾಕ ದಾಟಸ್ತೀರಿ?"

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಮೀನು ಸಾಕುತ್ತಾನೆ ಅನ್ನುವ ಚಾಷ್ಟಿ ಬೇರೆ. ಒಮ್ಮೆ ಕಿತ್ತೂರು ಕಡೆಯ ಒಬ್ಬ ದೊಡ್ಡ ಒಕ್ಕಲಿಗ ಅಂಗಡಿಯ ಮುಂದೆ ನಿಂತು, ಯಾವಾಗ ಹುರೀತಿ ಮಡಿವಾಳೆಪ್ಪಾ ಅಂತ ನಾಲ್ಕು ಜನರ ಮುಂದೆ ಕೇಳಿದ. ಇವನು ಗಾಜು ಕೊಯ್ಯುತ್ತಿದ್ದವನು ತಲೆ ಎತ್ತಲಿಲ್ಲ. "ನಿಮ್ಮ ಮನ್ಯಾಗ ನಾಕು ಎಮ್ಮಿ ಅದಾವಲ್ರಿ. ಅವನ್ನ ಕೊಯ್ಯೂ ದಿನ ಹೇಳಿ ಕಳಸ್ರಿ. ಅವತ್ತ ಹುರೀತೇನಿ."

ನಾನು ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಜ್ಞಾನಕ್ಕಾಗಿ ಅಲ್ಲ, ನಾಗರತ್ನಾ ಕಾಕು ಕೊಡುವ ಚಹಕ್ಕೆ. ಆದರೆ ಒಂದು ವರ್ಷ ಚಹ ಕುಡಿದರೆ ಜ್ಞಾನವೂ ಗಂಟಲಲ್ಲಿ ಇಳಿಯುತ್ತದೆ. ಮೀನು ಯಾತಕ್ಕೆ ಸಾಯುತ್ತದೆ ಅನ್ನುವುದು ಬೈಲಹೊಂಗಲದಲ್ಲಿ ಮಡಿವಾಳೆಪ್ಪನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ಇದನ್ನು ನೆನಪಿಡಬೇಕು.

ಅವನ ಹತ್ತಿರ ಒಂದು ಜೋಡಿ ಏಂಜಲ್ ಮೀನು ಇದ್ದವು. ಗಾಳಿಪಟದಂಥವು, ಮೈಮೇಲೆ ಕರಿ ಪಟ್ಟಿ. ಅವು ತತ್ತಿ ಇಡಲು ಸಪಾಟಾದ ಕಲ್ಲು ಬೇಕಂತೆ. ಇವನು ಸಾಲಿ ಮಕ್ಕಳು ಬರೆಯುವ ಕಲ್ಲಿನ ಪಾಟಿಯ ಕಟ್ಟು ಬಿಚ್ಚಿ ನೀರಿನಲ್ಲಿ ಓರೆಯಾಗಿ ನಿಲ್ಲಿಸಿದ್ದ. ಮೂರು ಸಲ ತತ್ತಿ ಇಟ್ಟವು. ಎರಡು ಸಲ ಅವೇ ತಿಂದವು, ಒಂದು ಸಲ ಬೂಷ್ಟು ಹಿಡಿಯಿತು. ನಾಲ್ಕನೆಯ ಸಲ ಮರಿ ಉಳಿದವು, ಹನ್ನೆರಡು. ಅವಕ್ಕೆ ತಿನ್ನಿಸಲು ಹಿತ್ತಲಿನ ಮಡಕೆಗಳಲ್ಲಿ ಗುಂಗಾಡದ, ಅಂದರೆ ಸೊಳ್ಳೆಯ, ಹುಳ ಬೆಳೆಸಿದ, ಓಣಿಯವರಿಂದ ಬೈಸಿಕೊಂಡ. ಎಂಟು ತಿಂಗಳಲ್ಲಿ ಅಂಗೈ ಅಗಲ ಆದವು. ಮಕ್ಕಳಿಲ್ಲದ ಮನೆ ಅಂತ ಇದನ್ನು ಉದ್ದ ಮಾಡಿ ಬರೆಯಬಹುದು, ಬರೆಯುವುದಿಲ್ಲ. ಹಾಗೆ ಯಾರಾದರೂ ಅಂದಿದ್ದರೆ ಮಡಿವಾಳೆಪ್ಪ ಗಾಜಿನ ಚೂರು ತಗೊಂಡು ಬೆನ್ನು ಹತ್ತುತ್ತಿದ್ದ. ನಲವತ್ತು ಕೊಂದವನು ಹನ್ನೆರಡನ್ನು ಹುಟ್ಟಿಸಿದ್ದ. ಅವನ ಮಟ್ಟಿಗೆ ಅಷ್ಟೇ ವಿಷಯ.

ಎರಡು ಸಾವಿರದ ಎರಡನೆಯ ಇಸವಿಯ ಬ್ಯಾಸಗಿಯಲ್ಲಿ ನಮ್ಮ ಜಿನ್ನಿನ ಮಾಲಕ ಅಂದಾನೆಪ್ಪ ಸಾವ್ಕಾರ ಸವದತ್ತಿ ರಸ್ತೆಗೆ ಹೊಸ ಮನೆ ಕಟ್ಟಿಸಿದ. ಈಶಾನ್ಯ ಮೂಲೆಯಲ್ಲಿ ನೀರು ಇರಬೇಕು, ನೀರಲ್ಲಿ ಜೀವಂತ ಮೀನಿರಬೇಕು ಅಂತ ಯಾರೋ ವಾಸ್ತುವಿನವರು ಹೇಳಿದ್ದರು. ಗೃಹಪ್ರವೇಶ ಇನ್ನೂ ಒಂದು ತಿಂಗಳು ಇತ್ತು. ಸಾವ್ಕಾರ ತಾನೇ ಮಡಿವಾಳೆಪ್ಪನ ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ, ಚಹದ ಬಸಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು. ಮೂರು ಫೂಟಿನ ಟ್ಯಾಂಕು ಮಾಡು, ಆ ಹನ್ನೆರಡು ಮೀನನ್ನೇ ಹಾಕು ಅಂದ. ಮಡಿವಾಳೆಪ್ಪ ತನ್ನ ಕಾಯಿದೆ ಹೇಳಿದ. ದಿನಾ ನಿಮ್ಮ ಕೈಯಿಂದಲೇ ಒಂದು ಚಿಟಿಕೆ ಹಾಕಬೇಕ್ರಿ ಅಂದ.

ಸಾವ್ಕಾರನಿಗೆ ನಗು ಬಂತು. "ಇಲ್ಲದ ಮೀನಿಗೆ ನಾ ಉಣಸ್ಕೋತ ನಿಂದರಲೇನು? ಅದಕ್ಕ ನಮ್ಮಲ್ಲಿ ಆಳು ಅದಾವ."

"ಹಂಗಾರ ಮೀನ ಆಳಿಗೆ ಕೊಡತೇನ್ರಿ. ನಿಮಗಲ್ಲ."

ಸಾವ್ಕಾರ ಏನೂ ಅನ್ನದೆ ಹೋದ. ಏನೂ ಅನ್ನದೆ ಹೋಗುವ ಸಾವ್ಕಾರರು ಮರುದಿನ ಯಾರಿಗಾದರೂ ಹೇಳಿಕಳಿಸುತ್ತಾರೆ. ನನಗೆ ಹೇಳಿಕಳಿಸಿದ. ಅವನ ಮಾತು ಸಣ್ಣದಿತ್ತು. ನೀನು ದಿನಾ ಅಲ್ಲಿ ಚಹ ಕುಡಿಯುತ್ತೀಯಂತೆ, ಆ ಹನ್ನೆರಡು ಮೀನು ಗೃಹಪ್ರವೇಶದ ದಿನ ನಮ್ಮ ಮನೆಯಲ್ಲಿರಬೇಕು, ಹೇಗೆ ತರುತ್ತೀಯೋ ನಿನಗೆ ಬಿಟ್ಟದ್ದು. ಹೇಳುವಾಗ ಅವನ ಕಣ್ಣು ಫ್ಯಾನಿನ ಕೆಳಗಿನ ಖುರ್ಚಿಯ ಮೇಲಿತ್ತು. ನನ್ನ ಕಣ್ಣೂ ಅಲ್ಲೇ ಇತ್ತು.

ನನ್ನ ಕೋಣೆಗೇ ಒಂದು ತೊಟ್ಟಿ ಬೇಕು ಅಂತ ಮಡಿವಾಳೆಪ್ಪನಿಗೆ ಹೇಳಿದೆ. ಒಬ್ಬಂಟಿ ಹುಡುಗನ ಕೋಣೆಗೆ ಮೂರು ಫೂಟಿನದು ಯಾಕೆ ಅಂತ ಅವನು ಕೇಳಲಿಲ್ಲ. ಖುಷಿಯಾದವರು ಪ್ರಶ್ನೆ ಕೇಳುವುದಿಲ್ಲ. ಎರಡೇ ದಿನದಲ್ಲಿ ಮಾಡಿಕೊಟ್ಟ, ಅಂಚುಗಳನ್ನು ಕಲ್ಲಿನಿಂದ ನಯ ಮಾಡಿ, ಹರಳು ಒಂದು ಹಿಡಿಯ ಬದಲು ಅರ್ಧ ಬಕೆಟ್ಟು ಕೊಟ್ಟ. ನೋಡಲು ಬರುತ್ತೇನೆ ಅಂದಾಗ, ಮೀನು ಬಿಟ್ಟ ಮೇಲೆ ಬಾ ಕಾಕಾ ಅಂದೆ. ತೊಟ್ಟಿಯನ್ನು ಜಿನ್ನಿನ ಗೋದಾಮಿನಲ್ಲಿ ಗೋಣಿತಾಟು ಮುಚ್ಚಿ ಇಟ್ಟೆ. ಹರಳು ಬಕೆಟ್ಟಿನಲ್ಲೇ ಒಣಗಿ ಹೋಯಿತು.

ನಳ ಅಲ್ಲಿಂದ ಹತ್ತು ಹೆಜ್ಜೆ. ಇಪ್ಪತ್ತೊಂದು ದಿನವಂತೂ ಹೇಗೂ ಕಾಯಲೇಬೇಕಿತ್ತು, ಇಲ್ಲದಿದ್ದರೆ ಅವನು ನಂಬುತ್ತಿರಲಿಲ್ಲ. ನೀರು ತುಂಬಿ ದಿನಾ ಒಂದು ಚಿಟಿಕೆ ಹಾಕಿದ್ದರೆ ನಿಜಕ್ಕೂ ನೀರು ತಯಾರಾಗುತ್ತಿತ್ತು, ಆಮೇಲೆ ಅದೇ ನೀರನ್ನು ಹೊಸ ಮನೆಗೆ ಸಾಗಿಸಬಹುದಿತ್ತು. ನಿಜ ಮಾಡಲಿಕ್ಕೂ ಸುಳ್ಳು ಮಾಡಲಿಕ್ಕೂ ಅಷ್ಟೇ ದಿನ ಹಿಡಿಯುತ್ತಿತ್ತು. ನಾನು ಸುಳ್ಳನ್ನೇ ಆರಿಸಿಕೊಂಡೆ, ಯಾಕೆಂದರೆ ಅದಕ್ಕೆ ನಳದತನಕ ನಡೆಯಬೇಕಾಗಿರಲಿಲ್ಲ. ಈ ಸೋಮಾರಿತನ ನೆನೆದಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಹೊಡೆದುಕೊಂಡಿಲ್ಲ, ಅದಕ್ಕೂ ಸೋಮಾರಿತನ.

ಇಪ್ಪತ್ತೆರಡನೆಯ ದಿನ ಬಾಟಲಿ ಬೇಕಾಯಿತು. ಮಡಿವಾಳೆಪ್ಪ ವಾರಕ್ಕೊಮ್ಮೆ ತನ್ನ ತೊಟ್ಟಿಗಳಿಂದ ಕಾಲು ಭಾಗ ನೀರು ತೆಗೆದು ಹಿತ್ತಲಿನಲ್ಲಿ ಬಕೆಟ್ಟಿನಲ್ಲಿ ಇಡುತ್ತಿದ್ದ. ಕಾಕು ಅದನ್ನು ಮಲ್ಲಿಗೆಯ ಬಳ್ಳಿಗೆ ಹಾಕುತ್ತಿದ್ದಳು. ಕಾಲು ತೊಳೆಯುತ್ತೇನೆ ಅಂತ ಹಿತ್ತಲಿಗೆ ಹೋಗಿ, ಆ ಬಕೆಟ್ಟಿನಿಂದ ಬಾಟಲಿ ತುಂಬಿಕೊಂಡು, ಹಿಂದಿನ ಬಾಗಿಲಿಂದ ಸುತ್ತು ಹಾಕಿ, ಮುಂದಿನ ಬಾಗಿಲಿಂದ ಒಳಗೆ ಬಂದೆ. ಬಾಟಲಿಯನ್ನು ಅವನ ಕೈಗೆ ಕೊಟ್ಟೆ.

ಅವನು ಬೆಳಕಿಗೆ ಹಿಡಿದ. ಬೂಚು ತೆಗೆದು ಮೂಸಿದ. ಇನ್ನೊಮ್ಮೆ ಮೂಸಿದ. "ನಾಗರತ್ನಾ, ಬಾ ಇಲ್ಲೆ," ಅಂತ ಕರೆದ. "ಹುಡುಗನ ನೀರ ನೋಡು. ಮಳಿ ಬಿದ್ದ ಹೊಲದ ವಾಸನಿ ಐತಿ. ಥೇಟ್ ನನ್ನ ನೀರಿನಂಗ." ಆಮೇಲೆ ಹನ್ನೆರಡು ಮೀನನ್ನೂ ಒಂದೊಂದಾಗಿ ಹಿಡಿದು ಚೀಲಕ್ಕೆ ಹಾಕಿದ. ಏನೂ ತೆಗೆದುಕೊಳ್ಳಲಿಲ್ಲ. ಒಂಬತ್ತು ವರ್ಷಗಳಲ್ಲಿ ಈ ಊರಿನಲ್ಲಿ ಕಾದವನು ನೀನೊಬ್ಬನೇ ತಮ್ಮಾ ಅಂದ. ನಾನು ತಲೆ ತಗ್ಗಿಸಿದೆ. ಅದನ್ನು ಅವನು ವಿನಯ ಅಂತ ತಿಳಿದ.

ಮರುದಿನವೇ ಗೃಹಪ್ರವೇಶ. ಬೆಳಿಗ್ಗೆ ಟ್ಯಾಂಕರಿನ ನೀರು ತರಿಸಿ ತೊಟ್ಟಿ ತುಂಬಿಸಿದರು. ಬ್ಲೀಚಿಂಗ್ ಪೌಡರಿನ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಮೀನು ಬಿಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ಸಾವ್ಕಾರನ ತಾಯಿ ಗುರುಬಸವ್ವ, ಎಂಬತ್ತರ ಹತ್ತಿರದವಳು, ಬಾಗಿದ ಬೆನ್ನಿನಿಂದಲೇ ಗಂಗೆ ಪೂಜೆಗೆ ಬಂದಳು. ಹೊಸ ಮನೆಯಲ್ಲಿ ತುಂಬಿದ ನೀರಿಗೆ ಪೂಜೆ ಮಾಡುವುದು ಎಲ್ಲ ಮನೆಗಳಲ್ಲೂ ಇದೆ, ಕೊಡಕ್ಕೆ ಮಾಡುತ್ತಾರೆ. ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ನೀರಿನ ಪಾತ್ರೆ ಮೀನಿನ ತೊಟ್ಟಿ. ಅವಳು ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಳು. ನೀರಿಗೆ ಅರಿಷಿಣ, ಕುಂಕುಮ, ಒಂದು ಚಮಚ ಹಾಲು. ಕಡೆಗೆ ಸೆರಗಿನ ಗಂಟು ಬಿಚ್ಚಿ ಒಂದು ಹಳೆಯ ತಾಮ್ರದ ದುಡ್ಡು ತೆಗೆದಳು, ಅವಳ ಮದುವೆಯ ದಿನ ಅತ್ತೆ ಕೊಟ್ಟದ್ದಂತೆ. ಕಣ್ಣಿಗೆ ಒತ್ತಿಕೊಂಡು ನೀರಿಗೆ ಬಿಟ್ಟಳು. ತಾಮ್ರ ಮೀನಿಗೆ ವಿಷ. ಅದೂ ನನಗೆ ಗೊತ್ತಿತ್ತು. ಪೂಜೆಯ ತಟ್ಟೆ ಹಿಡಿದುಕೊಂಡು ನಿಂತವನು ನಾನೇ.

ಹನ್ನೊಂದು ಗಂಟೆಗೆ ಮೊದಲನೆಯದು ಮೇಲೆ ಬಂದು ಬಾಯಿ ಬಿಡತೊಡಗಿತು. ಪಂಕ್ತಿ ಕೂಡುವ ಹೊತ್ತಿಗೆ ಐದು ಅಡ್ಡ ಮಲಗಿದ್ದವು. ಪೀಡೆ ಹೋಯಿತು, ಮನೆ ಹಸನಾಯಿತು ಅಂತ ನೆಂಟರು ಒಬ್ಬರಿಗೊಬ್ಬರು ಹೇಳಿಕೊಂಡರು. ನಾನು ತಂಬಿಗೆ ಹಿಡಿದು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ.

ಆಗ ಮಡಿವಾಳೆಪ್ಪ ಬಂದ. ಬೆಳಿಗ್ಗೆ ನನ್ನ ಕೋಣೆಗೆ ಹೋಗಿದ್ದನಂತೆ, ಮೀನಿನ ಕಾಳಿನ ಒಂದು ಪುಡಕೆ ಕಟ್ಟಿಕೊಂಡು. ಕೋಣೆಯಲ್ಲಿ ತೊಟ್ಟಿ ಇರಲಿಲ್ಲ. ಮನೆ ಮಾಲಕಿ, ಹುಡುಗ ಸಾವ್ಕಾರರ ಹೊಸ ಮನೆಗೆ ಹೋಗಿದ್ದಾನೆ, ಅಲ್ಲಿ ಮೀನು ಬಿಡುವುದಿದೆಯಂತೆ ಅಂದಿದ್ದಳು. ಅವನು ಮನೆಗೆ ತಿರುಗಿ ಹೋಗಿ, ತನ್ನ ತೊಟ್ಟಿಯ ಹಳೇ ನೀರನ್ನು ಎರಡು ಕೊಡಗಳಲ್ಲಿ ತುಂಬಿ, ಸೈಕಲ್ಲಿಗೆ ಕಟ್ಟಿಕೊಂಡು ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಲು ತೊಳೆದ. ಅಷ್ಟು ಸಿಟ್ಟಿನಲ್ಲೂ ಕಾಲು ತೊಳೆದ. ಯಾರ ಮಾರಿಯನ್ನೂ ನೋಡದೆ ಪಂಕ್ತಿಯ ನಡುವೆ ಹಾದು, ಅಂಗಿಯ ತೋಳು ಮೇಲೆ ಸರಿಸಿ, ತೊಟ್ಟಿಯಲ್ಲಿ ಕೈ ಹಾಕಿದ. ಮೊದಲು ದುಡ್ಡು ತೆಗೆದ. ಆಮೇಲೆ ಜೀವ ಇದ್ದ ಏಳು ಮೀನನ್ನು ಒಂದೊಂದಾಗಿ ಕೊಡಕ್ಕೆ ಬಿಟ್ಟ.

ಸಾವ್ಕಾರ ಎದ್ದು ಬಂದ. ಶುಭ ದಿನದಲ್ಲಿ ಇದೆಂಥ ರಾದ್ಧಾಂತ, ಎಷ್ಟಾದರೂ ಮೀನಲ್ಲವೇ, ಇದರ ನಾಲ್ಕರಷ್ಟು ತರಿಸುತ್ತೇನೆ ಅಂದ. ಮಡಿವಾಳೆಪ್ಪ ಅವನನ್ನು ದಾಟಿ ಮುಂದೆ ಹೋದ. ಗುರುಬಸವ್ವ ಗೋಡೆಗೆ ಒರಗಿ ಕುಂತಿದ್ದಳು, ದುಡ್ಡು ಕಟ್ಟಿದ್ದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ತಾಮ್ರದ ದುಡ್ಡನ್ನು ಧೋತರದ ಅಂಚಿಗೆ ಒರೆಸಿ ಅವಳ ಅಂಗೈಯಲ್ಲಿ ಇಟ್ಟ.

"ನಿಮ್ಮದೇನೂ ತಪ್ಪಿಲ್ಲಬೇ ಯವ್ವಾ. ನೀವು ಪೂಜಿ ಮಾಡೀರಿ. ಗೊತ್ತಿದ್ದವ ಬಾಜೂಕ ತಟ್ಟಿ ಹಿಡಕೊಂಡು ನಿಂತಿದ್ದ, ಹೇಳಲಿಲ್ಲ."

ತಟ್ಟೆ ಹಿಡಿದದ್ದು ನಾನೆಂದು ಅವನಿಗೆ ಹೇಗೆ ಗೊತ್ತಾಯಿತೋ. ನನ್ನ ಹತ್ತು ಬೆರಳಿಗೂ ಅರಿಷಿಣ ಹತ್ತಿತ್ತು. ತುಪ್ಪದ ತಂಬಿಗೆ ನನ್ನ ಕೈಯಲ್ಲೇ ಇತ್ತು. ಅವನು ಹೋಗುವಾಗ ನನ್ನ ಪಕ್ಕವೇ ಹಾದುಹೋದ, ಕೊಡದ ನೀರು ನನ್ನ ಪಾದದ ಮೇಲೆ ತುಳುಕಿತು. ಬೈಯಲಿಲ್ಲ. ಊರಿಗೆಲ್ಲ ಬೈಯುತ್ತಿದ್ದವನು ನನಗೆ ಬೈಯಲಿಲ್ಲ.

ಏಳರಲ್ಲಿ ಮೂರನೆಯ ದಿನಕ್ಕೆ ಎರಡು ಉಳಿದವು. ಇದನ್ನು ಹೇಳಿದವಳು ನಾಗರತ್ನಾ ಕಾಕು, ಸಂತೆಯಲ್ಲಿ ಎದುರಾದಾಗ. ಬಾಟಲಿ ನೀರು ಎಲ್ಲಿಂದ ತುಂಬಿದೆ ಅಂತ ಕೇಳಿದಳು. ಮಲ್ಲಿಗೆಯ ಬಕೆಟ್ಟು ಅಂದೆ. "ಇವರು ಓಣಿ ತುಂಬ ಹೇಳಿದ್ರಪಾ, ನಮ್ಮ ಗೌರೀಶ ಒಬ್ಬಾಂವ ಕಾದಾ ಅಂತ," ಅಂದಳು. ಮೀನು ಸತ್ತದ್ದಕ್ಕಿಂತ ಅದು ಹೆಚ್ಚು ಚುಚ್ಚಿತ್ತು ಅವನಿಗೆ. ಒಂಬತ್ತು ವರ್ಷದಲ್ಲಿ ಒಬ್ಬ ಸಿಕ್ಕ ಅಂದುಕೊಂಡಿದ್ದ, ನಾನು ಅವನಿಗೆ ಅವನದೇ ನೀರನ್ನು ಮೂಸಿಸಿ ಹೋಗಿದ್ದೆ. ಅಂಗಡಿಯ ಬೋರ್ಡಿನಲ್ಲಿ ಕೆಳಗೆ ಬರೆಸಿದ್ದ 'ಮೀನಿನ ಟ್ಯಾಂಕ್ ಮಾಡಿಕೊಡಲಾಗುವುದು' ಅನ್ನುವ ಸಾಲನ್ನು ಬ್ಲೇಡಿನಿಂದ ಕೆರೆದು ಹಾಕಿದ. ಈಗ ಅಲ್ಲಿ ಕಟ್ಟು ಮಾತ್ರ.

ಖುರ್ಚಿ ನನಗೆ ಸಿಕ್ಕಿತು. ಅದರಲ್ಲೇ ಕೂಡುತ್ತೇನೆ. ನೌಕರಿ ಬಿಟ್ಟೆ ಅಂತ ಬರೆದರೆ ಈ ಬರಹಕ್ಕೆ ಚೆಂದ ಕಾಣುತ್ತಿತ್ತು, ಬಿಡಲಿಲ್ಲ. ಬ್ಯಾಸಗಿಯಲ್ಲಿ ಮಧ್ಯಾಹ್ನವಿಡೀ ಕರೆಂಟು ಇರುವುದಿಲ್ಲ, ಫ್ಯಾನು ತಿರುಗುವುದಿಲ್ಲ. ಸಾವ್ಕಾರನ ಮನೆಯ ತೊಟ್ಟಿಯಲ್ಲಿ ಈಗ ಪ್ಲಾಸ್ಟಿಕ್ಕಿನ ಮೀನು ಇವೆ, ಬ್ಯಾಟರಿಯಿಂದ ಬಾಲ ಆಡಿಸುತ್ತವೆ. ಸೆಲ್ಲು ಮುಗಿದಾಗ ಬದಲಿಸುವ ಕೆಲಸ ನನ್ನದು.

ಮುಂದಿನ ವರ್ಷ ಒಂದು ಪೆಪ್ಪರಮೆಂಟಿನ ಗಾಜಿನ ಬರಣಿ ತಂದೆ. ಅರ್ಧ ಬಕೆಟ್ಟಿನ ಆ ಹಳೇ ಹರಳಿನಲ್ಲಿ ಒಂದಿಷ್ಟು ತಳಕ್ಕೆ ಹಾಕಿ, ನೀರು ತುಂಬಿ ಕೋಣೆಯಲ್ಲಿಟ್ಟೆ. ದಿನಾ ಒಂದು ಚಿಟಿಕೆ. ಇಪ್ಪತ್ತೊಂದು ದಿನ ಅಂದದ್ದು ನಲವತ್ತಾಯಿತು, ಯಾಕೆಂದರೆ ಅಂಗಡಿಯವರೆಗೆ ಹೋಗಲು ಕಾಲು ಬರಲಿಲ್ಲ. ಕಡೆಗೆ ಒಂದು ಸಂಜೆ ಬಾಟಲಿ ತುಂಬಿಕೊಂಡು ಹೋದೆ. ಮಡಿವಾಳೆಪ್ಪ ಯಾರದೋ ತೀರಿಕೊಂಡ ಅಜ್ಜನ ಫೋಟೋಕ್ಕೆ ಗಾಜು ಕೊಯ್ಯುತ್ತಿದ್ದ. ಅವನ ಹಿಂದೆ, ಮುಂದಿನ ಗಾಜಿಗೆ ಹಾಳೆ ಅಂಟಿಸಿದ ತೊಟ್ಟಿಯಲ್ಲಿ, ಆ ಎರಡು ಮೀನಿನ ನೆರಳು ಮಾತ್ರ ಕಾಣುತ್ತಿತ್ತು. ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟೆ.

ಅವನು ಮುಟ್ಟಲಿಲ್ಲ. "ಯಾರ ನೀರು?"

"ನಂದ, ಕಾಕಾ."

"ನನ್ನ ಮೂಗಿನ ಮ್ಯಾಲ ನನಗ ಭರೋಸಾ ಉಳದಿಲ್ಲ. ನಿಂದ ಆಗಿದ್ರ ನೀನ ಕುಡಿ."

ಬಾಗಿಲ ಸಂದಿನಲ್ಲಿ ಕಾಕು ನಿಂತಿದ್ದಳು. ನಾನು ಬೂಚು ತೆಗೆದು, ಅಲ್ಲೇ ನಿಂತು, ಅರ್ಧ ಬಾಟಲಿ ಕುಡಿದೆ. ಮಣ್ಣಿನ ರುಚಿ ಇತ್ತು. ಉಳಿದರ್ಧ ಕುಡಿಯುವವರೆಗೂ ಅವನು ನೋಡುತ್ತಲೇ ಇದ್ದ. ಆಮೇಲೆ ಖಾಲಿ ಬಾಟಲಿ ಎತ್ತಿಕೊಂಡು, ಅದರ ಬಾಯಿಗೆ ಮೂಗು ಹಿಡಿದ. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದ. ಬಾಟಲಿಯನ್ನು ನನ್ನ ಕಡೆ ಸರಿಸಿ, ಅಜ್ಜನ ಗಾಜಿಗೆ ತಿರುಗಿ ಕಟರ್ ಎಳೆದ.

ಮೀನು ಕೊಡಲಿಲ್ಲ. ಇನ್ನೂ ಕೊಟ್ಟಿಲ್ಲ. ಬರಣಿಯ ನೀರಿಗೆ ನಾನು ದಿನಾ ಚಿಟಿಕೆ ಹಾಕುತ್ತಲೇ ಇದ್ದೇನೆ.